ಗಾಯರಾಣದ ಹುಲ್ಲಿಗೆ ಬಾಯಿ ಹಾಕಿದವರು

ಐದು ಗುಂಟೆ ಹುಲ್ಲು ಬೆಳಗಾಗುವಷ್ಟರಲ್ಲಿ ಮಾಯವಾಗಿತ್ತು. ಬೇಲಿಯೊಳಗೆ ಉಳಿದದ್ದು ಗಿಡ್ಡ ಕೂಳೆ, ನಡುವೆ ಒಂದು ಬಾರಿಗಿಡ, ಅಂದರೆ ಬೋರೆಹಣ್ಣಿನ ಗಿಡ.

ದನದ ಡಾಕ್ಟರು ರಾಜೇಶ್ವರಿ ನವನಗರದಿಂದ ಸ್ಕೂಟರಿನಲ್ಲಿ ಓಡೋಡಿ ಬಂದಿದ್ದಳು. ತಾರಿಹಾಳದಾಚೆಯ ಈ ಹಳ್ಳಿಯ ಗಾಯರಾಣ—ಊರ ದನವೆಲ್ಲ ಮೇಯುವ ಬಯಲು—ಬೋಳಾಗಿ ಹೋಗಿತ್ತು. ಅದನ್ನು ಮತ್ತೆ ಹಸಿರು ಮಾಡಲೆಂದು ಎರಡು ವರ್ಷ ಊರವರ ಬೆನ್ನು ಹತ್ತಿ, ಒಪ್ಪಿಸಿ, ಈ ಬೀಜದ ಮಡಿಗೆ ಮುಳ್ಳುಬೇಲಿ ಹಾಕಿಸಿದ್ದಳು. ಇನ್ನೆಂಟು ದಿನದಲ್ಲಿ ಬೀಜ ಬಲಿಯುತ್ತಿತ್ತು. ಎಂಟೇ ದಿನ!

“ಮೆಹಬೂಬನ ಆಡು ಮೇದಾವ್ರಿ,” ಎಂದರು ಗಾಯರಾಣ ಸಮಿತಿಯ ಅಧ್ಯಕ್ಷ ನೀಲಕಂಠಪ್ಪ. “ಬೇಲಿ ಹೊರಗ ಹಿಕ್ಕಿ ಬಿದ್ದಾವ, ನೋಡ್ರಿ. ಇವತ್ತಿನಿಂದ ಅವನ ಆಡಿಗೆ ಗಾಯರಾಣ ಬಂದ್!”

ಮೆಹಬೂಬನ ಮುಖ ಬಿಳಿಚಿತು. ಹದಿನಾರು ಆಡುಗಳೇ ಅವನ ಬದುಕು. “ಅಕ್ಕಾರ, ಬೇಲಿ ಬಾಜೂಕಿನ ದಾರಿ ಹಿಡದು ದಿನಾ ಹೊಡಕೊಂಡು ಹೋಗತೇನ್ರಿ. ಒಳಗ ಬಿಟ್ಟಿಲ್ಲ. ಅಲ್ಲಾನ ಆಣಿ!”

“ಮತ್ತ ಬೇಲಿ ಯಾರು ತಗದ್ರು?” ಎಂದು ಕೇಳಿದಳು ರಾಜೇಶ್ವರಿ.

“ತಗದಂಗ ಇರಲಿಲ್ಲ ಬಿಡ್ರಿ,” ಎಂದಳು ಮಡಿಯ ಪಕ್ಕದ ಮನೆಯ ದಾನವ್ವ. “ಮುಂಜಾನೆ ನಾ ಎದ್ದು ನೋಡಿದಾಗ ಮುಳ್ಳು ಹಚ್ಚಿದ್ದು ಹಚ್ಚಿದಂಗ ಇತ್ತು.”

“ನಿಮ್ಮ ಆಕಳೇನೂ ಹೊಕ್ಕಿಲ್ಲ?”

“ನನ್ನ ಆಕಳಾ? ಗ್ವಾದಲ್ಯಾಗ ಕಣಕಿ ತಿನ್ನಾಕತ್ತೈತಿ. ಬಂದು ನೋಡ್ರಿ!”

ರಾಜೇಶ್ವರಿ ಹೋಗಿ ನೋಡಿದಳು. ಒಣ ಜೋಳದ ದಂಟು, ಬೇರೇನೂ ಇಲ್ಲ.

“ಅಧ್ಯಕ್ಷರ, ನಿಮ್ಮ ಗ್ವಾದಲೀನೂ ನೋಡೂಣು ನಡೀರಿ.”

“ನಮ್ಮ ಎಮ್ಮಿಗೆ ಕಾಲುಬಾಯಿ ಬ್ಯಾನಿ ಬಂದೈತ್ರಿ. ಹತ್ರ ಹೋಗಬ್ಯಾಡ್ರಿ.”

“ನಾ ದನದ ಡಾಕ್ಟರ್ ಅದೀನ್ರಿ, ನೀಲಕಂಠಪ್ಪಾರ!” ರಾಜೇಶ್ವರಿಯ ತಾಳ್ಮೆ ತಪ್ಪಿತು. “ನಾ ಹೋಗದ ಮತ್ಯಾರು ಹೋಗಬೇಕು?”

ಎಮ್ಮೆ ಆರಾಮಾಗಿ ಮೆಲುಕು ಹಾಕುತ್ತಿತ್ತು. ಬಾಯಲ್ಲಿ ಹುಣ್ಣಿಲ್ಲ, ಗೊರಸಿನಲ್ಲಿ ಗಾಯವಿಲ್ಲ. ರಾಜೇಶ್ವರಿ ಗ್ವಾದಲಿಯಲ್ಲಿ ಕೈಯಾಡಿಸಿದಳು. ಮುಷ್ಟಿ ಬಿಗಿದು ಹೊರಬಂದಳು.

“ಆಡು ಮುಟ್ಟದ ಸೊಪ್ಪಿಲ್ಲ ಅಂತ ನೀವ ಅಂತೀರಿ. ಮಡಿ ನಡುವ ಬಾರಿಗಿಡ ಐತಿ. ಒಂದು ಎಲಿ ಹರದಿಲ್ಲ! ಆಡು ಹೊಕ್ಕಿದ್ರ ಮೊದಲ ಅದನ್ನ ಬೋಳಸತಿದ್ವು. ಬೇಲಿ ಒಳಗ ಒಂದು ಹಿಕ್ಕಿ ಇಲ್ಲ. ಮೇದು ಹೋದ ಆಡು ತಿರಗಿ ಮುಳ್ಳು ಹಚ್ಚಿ ಹೋಗತಾವೇನು? ಇದು ಕುಡಗೋಲಿನ ಕೆಲಸ.”

ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಸಣ್ಣ ಹಳದಿ ಹೂಗಳು.

“ಇದು ಸ್ಟೈಲೋ ಮೇವು. ಹುಲ್ಲಿನ ಜೋಡಿ ಇದರ ಬೀಜಾನೂ ನಾನ ತಂದು ಹಾಕಿದ್ದು. ಆ ಮಡಿ ಬಿಟ್ರ ಈ ಊರಾಗ ಎಲ್ಲೂ ಇಲ್ಲ. ನಿಮ್ಮ ಗ್ವಾದಲ್ಯಾಗ ಹೆಂಗ ಬಂತ್ರಿ, ಅಧ್ಯಕ್ಷರ?”

ನೀಲಕಂಠಪ್ಪ ನೆಲ ನೋಡಿದರು. “ಎಮ್ಮಿ ಈದೈತ್ರಿ... ಬರೇ ಕಣಕಿ ಮ್ಯಾಲ ಹಾಲು ಇಳೀಲಿಲ್ಲ. ಕರುವಿಗೂ ಸಾಲಲಿಲ್ಲ.”

“ಕೇಳಿದ್ರ ದವಾಖಾನಿ ಹಿಂದಿನ ಹಸಿ ಮೇವು ಕೊಡತಿದ್ನಲ್ರಿ! ಮಡಿ ಮುಟ್ಟಬಾರದು ಅಂತ ನೇಮ ಬರದವರೂ ನೀವ, ಮುರದವರೂ ನೀವ. ಮ್ಯಾಲ ಈ ಬಡವನ ಹೆಸರು ಹೇಳತೀರಿ!”

ಅಂದೇ ಸಮಿತಿ ಅಧ್ಯಕ್ಷರನ್ನು ಬದಲಿಸಿತು. ಆದರೆ ಹೋದ ಹುಲ್ಲು ಬಂದೀತೆ? ರಾಜೇಶ್ವರಿ ಹಣೆ ಹಿಡಿದುಕೊಂಡು ಕಲ್ಲಿನ ಮೇಲೆ ಕೂತಳು. ಮತ್ತೊಂದು ವರ್ಷ. ಮತ್ತದೇ ಜನ, ಅದೇ ಮೀಟಿಂಗು.

ಮೆಹಬೂಬ ಮುಳ್ಳುಬೇಲಿಯ ಬುಡದಲ್ಲಿ ಮಂಡಿಯೂರಿ ಕರೆದ.

“ಅಕ್ಕಾರ, ಇಲ್ಲಿ ಕುಡಗೋಲು ಹೊಕ್ಕಿಲ್ಲರಿ. ಇಪ್ಪತ್ತು ತೆನಿ ಉಳದಾವ. ಬಲಿಯೂ ತನಕ ನಾ ಕಾಯ್ತೇನ್ರಿ.”