ಎಲ್ಲರಿಗೂ ಒಂದೇ ಡಾಬು

ಬಹಳ ಹಿಂದೆ, ಬೆಟ್ಟಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಜೇನುಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಹುಟ್ಟುಹಬ್ಬದ ದಿನ ಅಜ್ಜಿಯರು ಹೆಣ್ಣುಮಕ್ಕಳ ಸೊಂಟಕ್ಕೆ ಹೊಸ ಉಡಿದಾರ ಕಟ್ಟುತ್ತಿದ್ದರು. ದಾರ ಹಿಂದಿನದಕ್ಕಿಂತ ಉದ್ದವಾದರೆ ಮಗು ಬೆಳೆಯಿತೆಂದು ಮನೆಮಂದಿಗೆಲ್ಲ ಹೋಳಿಗೆ!

ಇದನ್ನು ಕಂಡು ಹೊಟ್ಟೆ ಉರಿದುಕೊಂಡವನು ಮಾಂತ್ರಿಕ ಕುಟಿಲಕೇತು. ಚಿನ್ನದ ಡಾಬುಗಳನ್ನು ಒಂದೇ ಅಳತೆಗೆ ಮಾಡಿ, ಒಂದನ್ನು ಅರಮನೆಗೆ ತಂದು, "ಈ ಸೊಂಟಪಟ್ಟಿ ಯಾರಿಗೆ ಕೂರುತ್ತದೋ ಅವಳೇ ಚೆಲುವೆ" ಎಂದ. ರಾಜಕುಮಾರಿ ಚಂಪಕಮಾಲೆಗೆ ಅದು ಸರಿಯಾಗಿ ಕೂತಿತು. ಮರುದಿನ ಬಿಗಿಯಾಯಿತು. ಕುಗ್ಗಿದ್ದು ಡಾಬು, ಆದರೆ ಪಾಪ, ಹುಡುಗಿ ತಾನೇ ದಪ್ಪಗಾದೆ ಎಂದುಕೊಂಡು ಊಟ ಬಿಟ್ಟಳು. ಅವಳನ್ನು ನೋಡಿ ಊರ ಹುಡುಗಿಯರೂ ಬಿಟ್ಟರು. ಕೊನೆಗೆ ರಾಜಕುಮಾರಿ ಹಾಸಿಗೆ ಹಿಡಿದಳು. ಡಾಬು ಬಿಚ್ಚಲು ಯಾರಿಂದಲೂ ಆಗಲಿಲ್ಲ.

ಅವಳ ಗೆಳತಿ ಹೊನ್ನವ್ವ ಮಾವುತನ ಮಗಳು. ತುಂಬಿದ ಮೈ, ಊರಿಗೆಲ್ಲ ಕೇಳುವ ನಗು. "ನನ್ನ ಗೆಳತೀನ ಸಾಯೋಕೆ ಬಿಡಲ್ಲ" ಎಂದು ಬೆಲ್ಲದ ಗಂಟು ಕಟ್ಟಿಕೊಂಡು ಮಾಂತ್ರಿಕನ ಗುಹೆಗೆ ಹೊರಟಳು.

ಮೊದಲ ತಿರುವಿನಲ್ಲಿ ನವಿಲು ಅಡ್ಡ ಬಂತು. "ಕಣ್ಣು ಮುಚ್ಚು, ನನ್ನ ಕಾಲು ಕುರೂಪ ಅಂತ ಮಾಂತ್ರಿಕ ಹೇಳಿದ್ದಾನೆ."

"ಆ ಕಾಲಲ್ಲೇ ತಾನೇ ನೀನು ಕುಣಿಯೋದು?" ನವಿಲು ಕುಣಿಯಿತು, ದಾರಿ ಬಿಟ್ಟಿತು.

ಎರಡನೇ ತಿರುವಿನಲ್ಲಿ ಹುಲಿ. "ಕಣ್ಣು ಮುಚ್ಚು, ನನ್ನ ಮೈಯೆಲ್ಲ ಪಟ್ಟೆ."

"ಪಟ್ಟೆ ಇಲ್ಲದಿದ್ರೆ ಹಸು ಅಂತ ಹಾಲು ಕರೆಯೋಕೆ ಬರ್ತಾರೆ!" ಹುಲಿ ಗಹಗಹಿಸಿತು, ದಾರಿ ಬಿಟ್ಟಿತು.

ಗುಹೆಯ ಬಾಗಿಲಲ್ಲಿ ಆನೆ, ಹೊಟ್ಟೆಯನ್ನು ಮರದ ಹಿಂದೆ ಅಡಗಿಸಿ ನಿಂತಿತ್ತು. ಹೊನ್ನವ್ವ ಗಂಟು ಬಿಚ್ಚಿ ಅದಕ್ಕೆ ಬೆಲ್ಲ ತಿನ್ನಿಸಿದಳು. ಆನೆ ಕಣ್ಣೀರು ಹಾಕುತ್ತ ಬಾಗಿಲು ತಳ್ಳಿತು.

ಒಳಗೆ ಕುಟಿಲಕೇತು ಅವಳಿಗೂ ಒಂದು ಡಾಬು ಚಾಚಿದ. "ತೊಟ್ಟುಕೋ, ಚೆಲುವೆಯಾಗ್ತೀಯ."

ಹೊನ್ನವ್ವನ ಕೈ ಒಂದು ಗಳಿಗೆ ಮುಂದೆ ಹೋಯಿತು. ಯಾವ ಹುಡುಗಿಗೆ ಆಸೆಯಿರುವುದಿಲ್ಲ? ಆಮೇಲೆ ಗೆಳತಿಯ ಬಾಡಿದ ಮುಖ ನೆನಪಾಯಿತು. "ತೊಡೋದು ಗೊತ್ತಿಲ್ಲ, ಮಾವ. ನೀವೇ ಒಮ್ಮೆ ತೋರಿಸಿ" ಎಂದಳು.

ಜಂಬದ ಮಾಂತ್ರಿಕ ತೊಟ್ಟ. ಡಾಬು ಬಿಗಿಯಿತು. "ಅಯ್ಯಯ್ಯೋ! ಹೊಟ್ಟೆತುಂಬ ನಕ್ಕರೆ ಮಾತ್ರ ಇದು ಬಿಚ್ಚುತ್ತೆ. ನಾನು ಹುಟ್ಟಿದಾಗಿನಿಂದ ನಕ್ಕೇ ಇಲ್ಲ!"

ಹೊನ್ನವ್ವ ಹೇಳಿದಂತೆ ಆನೆ ಅವನನ್ನು ಸೊಂಡಿಲಲ್ಲಿ ಎತ್ತಿಕೊಂಡು ಅರಮನೆಗೆ ನಡೆಯಿತು. ಡಾಬಿನೊಳಗೆ ಕೈಕಾಲು ಬಡಿಯುತ್ತಿದ್ದ ಮಾಂತ್ರಿಕನನ್ನು ಕಂಡು ರಾಜಕುಮಾರಿ ಮೊದಲು ಕಿಸಕ್ಕೆಂದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಡಾಬು ಟಪ್ಪನೆ ಕಳಚಿ ಬಿತ್ತು. ಊರೆಲ್ಲ ನಕ್ಕಿತು. ಆ ನಗು ಅಂಟಿ ಕುಟಿಲಕೇತುವೂ ನಕ್ಕುಬಿಟ್ಟ. ಅವನ ಡಾಬೂ ಹೋಯಿತು, ಮಂತ್ರವೂ ಮರೆತುಹೋಯಿತು. ಅವನಿಗೆ ಅರಮನೆಯ ಅಡುಗೆಮನೆಯಲ್ಲಿ ಹೋಳಿಗೆ ಲಟ್ಟಿಸುವ ಕೆಲಸ ಸಿಕ್ಕಿತು.

ಹುಡುಗಿಯರೆಲ್ಲ ಮತ್ತೆ ಉಂಡರು, ಆಡಿದರು, ಬೆಳೆದರು. ಮುಂದಿನ ಹುಟ್ಟುಹಬ್ಬಕ್ಕೆ ಚಂಪಕಮಾಲೆಗೆ ಉಡಿದಾರ ಕಟ್ಟಲು ಕೂತ ಅಜ್ಜಿ ಕೂಗಿ ಹೇಳಿದಳು: "ದಾರ ಸಾಲ್ತಿಲ್ಲ ಕಣೇ ಹೊನ್ನವ್ವಾ, ಇನ್ನೊಂದು ಉಂಡೆ ತಾ!"