ಮೆಲುಕಿನ ಹೆಪ್ಪು

ಕಪಿಲಿ ಹತ್ತಿಕಟ್ಟಿಗೆ ತಿನ್ನುತ್ತಿತ್ತು. ಒಲೆಗೆಂದು ಹಿತ್ತಿಲಲ್ಲಿ ಒಟ್ಟಿದ್ದ, ಒಣಗಿ ಬಿರುಸಾದ, ಹೆಬ್ಬೆರಳು ಗಾತ್ರದ ಕಟ್ಟಿಗೆ. ಆಕಳು ಅದನ್ನು ಕಟಕಟನೆ ಕಡಿದು ನುಂಗಿತು, ಆಮೇಲೆ ನೆಲಕ್ಕೆ ಮಲಗಿ ಕಣ್ಣು ಅರೆಮುಚ್ಚಿ ಮೆಲುಕು ಹಾಕತೊಡಗಿತು. ಸಜ್ಜಿಹಾಳದ ಜನ ಇದನ್ನು ನೋಡಲೆಂದೇ ಬಾಳವ್ವನ ಅಂಗಳದಲ್ಲಿ ನೆರೆದಿದ್ದರು. ಚೈತ್ರ ಮುಗಿಯುತ್ತ ಬಂದಿತ್ತು. ಊರಿನ ಮೇವಿನ ಬಣವೆಗಳೆಲ್ಲ ತಳ ಕಂಡಿದ್ದವು. ಪ್ರತಿ ವರ್ಷ ಈ ಹೊತ್ತಿಗೆ ದನಗಳ ಪಕ್ಕೆಲುಬು ಎಣಿಸಬಹುದಾಗಿತ್ತು. ಕಪಿಲಿಯ ಮೈ ಮಾತ್ರ ದೀಪಾವಳಿಯಲ್ಲಿ ಇದ್ದ ಹಾಗೇ ಮಿರಿಮಿರಿ ಮಿಂಚುತ್ತಿತ್ತು.

ಇದನ್ನು ಸಾಧಿಸಿದವರು ಡಾ. ಇಂದುಮತಿ ಕೆರೂರ ಎಂಬ ಸೂಕ್ಷ್ಮಜೀವಿ ವಿಜ್ಞಾನಿ. ದನ ಹುಲ್ಲು ತಿಂದು ಬದುಕುತ್ತದೆ ಎನ್ನುವುದು ಅರ್ಧ ನಿಜ. ಅದರ ಮೊದಲ ಹೊಟ್ಟೆಯಲ್ಲಿರುವ ಕೋಟ್ಯಂತರ ಜೀವಾಣುಗಳು ಹುಲ್ಲನ್ನು ಕರಗಿಸುತ್ತವೆ. ದನ ಬದುಕುವುದು ಆ ಕರಗಿದ್ದರ ಮೇಲೆ. ಕಟ್ಟಿಗೆಯನ್ನು ಗಟ್ಟಿ ಮಾಡುವ ಲಿಗ್ನಿನ್ ಎಂಬ ವಸ್ತುವನ್ನು ಕರಗಿಸುವ ಶಕ್ತಿ ಮಾತ್ರ ಅವಕ್ಕಿಲ್ಲ. ಇಂದುಮತಿ ಕೊಳೆತ ಮರದ ಅಣಬೆಯಿಂದ ಆ ಶಕ್ತಿಯನ್ನು ತೆಗೆದು ಹೊಸದೊಂದು ಜೀವಾಣುವಿಗೆ ಕೂಡಿಸಿದ್ದರು. ಅದರ ಹೆಸರು 'ಕಾಷ್ಠ'. ಒಂದು ಚಮಚ ಕುಡಿಸಿದರೆ ಹದಿನೈದು ದಿನಕ್ಕೆ ಆಕಳು ಕಟ್ಟಿಗೆ, ತೆಂಗಿನ ಗರಿ, ರಟ್ಟಿನ ಪೆಟ್ಟಿಗೆ, ಏನನ್ನಾದರೂ ತಿಂದು ಅರಗಿಸುತ್ತಿತ್ತು.

ಪರೀಕ್ಷೆಗೆಂದು ಸಜ್ಜಿಹಾಳದ ಹನ್ನೆರಡು ದನಗಳಿಗೆ ಮಾತ್ರ ಅನುಮತಿ ಸಿಕ್ಕಿತ್ತು. ಕಾಷ್ಠ ಗಾಳಿಯಲ್ಲಿ, ನೀರಿನಲ್ಲಿ ಬದುಕುವುದಿಲ್ಲ, ಒಂದು ದನದ ಹೊಟ್ಟೆಯಿಂದ ಇನ್ನೊಂದರ ಹೊಟ್ಟೆಗೆ ತಾನಾಗಿ ಹೋಗಲಾರದು ಎಂದು ಇಂದುಮತಿ ಬರೆದುಕೊಟ್ಟಿದ್ದರು. ಈ ಔಷಧ ಬೇರೆಯವರಿಗೆ ಕೊಡಬೇಡಿ ಎಂದು ಹನ್ನೆರಡು ಮನೆಯವರಿಗೂ ಹೇಳಿದ್ದರು. ಯಾಕೆ ಎಂದು ಹೇಳಲಿಲ್ಲ, ಹಳ್ಳಿಯವರಿಗೆ ಅಷ್ಟೆಲ್ಲ ಯಾಕೆ ಅಂದುಕೊಂಡರು. ಓದಿದವರ ತಪ್ಪು ಇಂಥಲ್ಲೇ ಇರುತ್ತದೆ.

ಬಾಳವ್ವ ಮತ್ತು ಅವಳ ಗಂಡ ಯಮನಪ್ಪನದು ಎರಡೆಕರೆಯ ಬದುಕು. ಅಂಗಡಿಯಿಂದ ಅವರು ತರುತ್ತಿದ್ದದ್ದು ಉಪ್ಪು ಮತ್ತು ಚಹಾಪುಡಿ. ಉಳಿದದ್ದೆಲ್ಲ ಆ ಹೊಲದಿಂದ, ಆ ಆಕಳಿನಿಂದ. ಹಾಲು, ಗೊಬ್ಬರ, ಉಳುವ ಹೋರಿ ಎಲ್ಲ ಕಪಿಲಿಯ ಕಡೆಯಿಂದಲೇ ಬರಬೇಕು. ಮಳೆಗೆ ಮುಂಚೆ ದನ ಕಟ್ಟುವ ಗ್ವಾದಲಿಗೆ ಸುಣ್ಣ ಬಳಿದು ಒಣಗಿಸುವುದು, ಮಳೆ ಬಿದ್ದ ಮೇಲೆ ನೊಣಕ್ಕೆ ಬೇವಿನ ಹೊಗೆ ಹಾಕುವುದು, ಸುಗ್ಗಿಯಲ್ಲಿ ಜೋಳದ ಕಣಿಕೆ ಒಟ್ಟಿ ಬಣವೆ ಕಟ್ಟುವುದು, ಹೀಗೆ ಅವರ ವರ್ಷವೆಲ್ಲ ಆ ದನದ ಸುತ್ತಲೇ ತಿರುಗುತ್ತಿತ್ತು.

ಇದಲ್ಲದೆ ಬಾಳವ್ವನಿಗೆ ಊರಲ್ಲಿ ಇನ್ನೊಂದು ಕೆಲಸವಿತ್ತು. ಯಾರ ದನ ಮೆಲುಕು ಬಿಟ್ಟರೂ ಅವಳನ್ನು ಕರೆಯುತ್ತಿದ್ದರು. ಅವಳು ಗಟ್ಟಿಮುಟ್ಟಾದ ದನದ ಬಾಯಿಗೆ ಕೈ ಹಾಕಿ, ಅದು ಅಗಿಯುತ್ತಿದ್ದ ಮೆಲುಕನ್ನು ತೆಗೆದು, ಎಲೆಯಲ್ಲಿ ಕಟ್ಟಿಕೊಂಡು ಹೋಗಿ ಜಡ್ಡಿನ ದನಕ್ಕೆ ತಿನ್ನಿಸುತ್ತಿದ್ದಳು. ಒಂದೆರಡು ದಿನದಲ್ಲಿ ಅದು ಮತ್ತೆ ಮೆಲುಕು ಹಾಕುತ್ತಿತ್ತು. ಹಾಲಿಗೆ ಹೆಪ್ಪು ಹಾಕಿದಷ್ಟೇ ಸಹಜವಾದ ಕೆಲಸ ಅದು. ಹೆಪ್ಪು ಕೇಳಿ ಬಂದವರನ್ನು ಬರಿಗೈಲಿ ಕಳಿಸಿದರೆ ಮನೆಯ ಹೈನು ಬತ್ತುತ್ತದೆ ಎಂದು ಅವಳ ಅತ್ತೆ ಹೇಳಿಕೊಟ್ಟಿದ್ದಳು. ನಮ್ಮನೆಯಿಂದ ಯಾರೂ ಬರಿಗೈಲಿ ಹೋಗಿಲ್ಲ ಎಂಬ ಹಮ್ಮು ಬಾಳವ್ವನಿಗೂ ಇತ್ತು.

ಕಪಿಲಿ ಕಟ್ಟಿಗೆ ತಿನ್ನುವುದನ್ನು ಕಂಡ ನೆರೆಮನೆಯವಳು ಮರುದಿನವೇ ಎಲೆ ಹಿಡಿದು ಬಂದಳು. ಡಾಕ್ಟರಬಾಯಿ ಬೇಡ ಅಂದಿದ್ದಾರೆಂದು ಯಮನಪ್ಪ ತಡೆದ.

"ಔಷಧ ಕೊಡಬ್ಯಾಡ ಅಂದಾರ. ಮೆಲಕು ಔಷಧ ಏನು?" ಅಂದಳು ಬಾಳವ್ವ. "ನಾ ಹೆಪ್ಪು ಕೊಡಾಕತ್ತೀನಿ."

ಅವಳು ಕೊಟ್ಟಳು. ಆ ಮನೆಯವರು ತಂಗಿಯ ಊರಿಗೆ ಕೊಟ್ಟರು, ತಂಗಿ ನಾದಿನಿಗೆ ಕೊಟ್ಟಳು. ದನದ ಸಂತೆಯಲ್ಲಿ ಕಟ್ಟಿಗೆ ತಿನ್ನುವ ಎತ್ತಿಗೆ ಜನ ಮುಗಿಬಿದ್ದರು. ಎರಡು ತಿಂಗಳಲ್ಲಿ ಕಾಷ್ಠ ಮೂರು ಜಿಲ್ಲೆಗಳ ದನ, ಎಮ್ಮೆ, ಆಡುಗಳ ಹೊಟ್ಟೆ ಸೇರಿತ್ತು. ಆ ಬೇಸಿಗೆ ಕಾಷ್ಠ ಸಿಕ್ಕ ಒಂದು ದನವೂ ಸೊರಗಲಿಲ್ಲ. ಪ್ರಯೋಗಾಲಯದಲ್ಲಿ ಕೂತಿದ್ದ ಇಂದುಮತಿಗೆ ಇದೊಂದೂ ಗೊತ್ತಾಗಲಿಲ್ಲ.

ಮೃಗಶಿರಾ ಮಳೆ ಚೆನ್ನಾಗಿ ಹಿಡಿಯಿತು. ಬದುವಿನ ಮೇಲೆ ಹಸಿರು ಚಿಗಿತದ್ದೇ ತಡ, ಊರಿನವರೆಲ್ಲ ದನ ಬಿಟ್ಟರು. ಕಪಿಲಿ ಹೊಟ್ಟೆ ತುಂಬ ಮೇದು ಬಂದು ಮಲಗಿತು. ಬಾಳವ್ವ ರೊಟ್ಟಿ ಬಡಿಯುತ್ತ, ಏನೋ ಒಂದು ಕಡಿಮೆಯಾಗಿದೆಯಲ್ಲ ಅಂದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು, ಮೆಲುಕಿನ ಸದ್ದಿಲ್ಲ. ಎದ್ದು ಹೋಗಿ ನೋಡಿದರೆ ಆಕಳ ದವಡೆ ನಿಂತಿತ್ತು, ಎಡಹೊಟ್ಟೆ ನಗಾರಿಯ ಹಾಗೆ ಉಬ್ಬಿತ್ತು. ಬೇರೆ ದನದ ಮೆಲುಕು ತರೋಣವೆಂದು ಅವಳು ಪಕ್ಕದ ಮನೆಗೆ ಓಡಿದಳು. ಅಲ್ಲಿಯೂ ಸದ್ದಿಲ್ಲ. ಅದರಾಚೆಯ ಮನೆಯಲ್ಲಿಯೂ ಇಲ್ಲ. ಹಾಡುಹಗಲು, ಊರ ತುಂಬ ದನ, ಒಂದು ಬಾಯಿಯೂ ಅಲುಗುತ್ತಿರಲಿಲ್ಲ.

ಮರುದಿನ ಬಂದ ಇಂದುಮತಿ ಕಪಿಲಿಯ ಹೊಟ್ಟೆಗೆ ಕೊಳವೆ ಇಳಿಸಿ ಗಾಳಿ ಬಿಡಿಸಿದರು. ಕಾಷ್ಠ ಹಳೆಯ ಜೀವಾಣುಗಳನ್ನು ಪೂರ್ತಿ ಹೊರಗೆ ಹಾಕಿತ್ತು. ಈಗ ಆ ಹೊಟ್ಟೆಯಲ್ಲಿ ಹಸಿ ಹುಲ್ಲು ಕರಗಿಸುವವರೇ ಇರಲಿಲ್ಲ. ಹುಲ್ಲು ಅಲ್ಲೇ ಕೊಳೆಯುತ್ತಿತ್ತು. ಹೀಗಾಗಬಹುದೆಂದು ಇಂದುಮತಿಗೆ ಗೊತ್ತಿತ್ತು. ಊರಿನ ಉಳಿದ ದನಗಳಿಂದ ಹಳೆಯ ಜೀವಾಣು ತೆಗೆದು ಈ ಹನ್ನೆರಡಕ್ಕೆ ಮರಳಿಸುವುದು ಅವರ ಯೋಜನೆಯಾಗಿತ್ತು. ಹಾಗೆಂದೇ ಉಳಿದ ದನಗಳ ಜೊಲ್ಲು ಪರೀಕ್ಷಿಸಲು ಹೊರಟರು. ಕಾಷ್ಠವನ್ನು ತೋರಿಸುವ ಉಪಕರಣದ ದೀಪ ಮೊದಲ ಮನೆಯಲ್ಲಿ ಕೆಂಪಾಯಿತು, ಎರಡನೆಯದರಲ್ಲಿ ಕೆಂಪಾಯಿತು, ಇಪ್ಪತ್ತನೆಯದರಲ್ಲಿಯೂ ಕೆಂಪಾಯಿತು. ಇಂದುಮತಿ ಇದು ಹೇಗಾಯಿತು ಎಂದು ಕೇಳಿದರು. ಬಾಳವ್ವ ಮುಚ್ಚಿಡದೆ ಎಲ್ಲ ಹೇಳಿದಳು.

ಮೂರು ಜಿಲ್ಲೆಗಳ ಗಡಿ ಮುಚ್ಚಿತು. ಬಾಯಿಂದ ತೆಗೆದ ಮೆಲುಕು ಎರಡು ತಾಸಿನಲ್ಲಿ ಸಾಯುತ್ತದೆ, ಹೊರಗಿನಿಂದ ತರುವಷ್ಟರಲ್ಲಿ ಬರಿ ಕಸ. ಜೀವಂತ ದನ ಕಳಿಸಲು ಹೊರಗಿನವರು ಹೆದರಿದರು. ಉಳಿದದ್ದು ಕಟ್ಟಿಗೆ ಹಾಕಿ ಜೀವ ಹಿಡಿಯುವುದೊಂದೇ. ಹತ್ತಿಕಟ್ಟಿಗೆ ಬೇಸಿಗೆಗೇ ಮುಗಿದಿತ್ತು. ಜನ ಮೊದಲು ಬೇಲಿ ಕಿತ್ತು ಹಾಕಿದರು, ಆಮೇಲೆ ಮಂಚ, ಮುರಿದ ನೇಗಿಲು, ಕೊನೆಗೆ ಮನೆಯ ಜಂತಿ. ಹೊರಗೆ ಮೊಣಕಾಲುದ್ದ ಹುಲ್ಲು ತೂಗುತ್ತಿತ್ತು, ಒಳಗೆ ಜನ ತಮ್ಮ ಸೂರು ಕೊಯ್ದು ದನಕ್ಕೆ ಹಾಕುತ್ತಿದ್ದರು. ಯಮನಪ್ಪ ತಲಬಾಗಿಲಿನ ಕದ ಬಿಚ್ಚಿ ಒಡೆದ. ಹೆಂಡತಿಯನ್ನು ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ.

ಕಪಿಲಿ ಗಬ್ಬವಾಗಿತ್ತು. ಕರು ಹಾಕಲು ಹನ್ನೆರಡು ದಿನವಿತ್ತು. ಊರಲ್ಲಿ ಅಷ್ಟರಲ್ಲೇ ಈದ ಎರಡು ಆಕಳುಗಳ ಕೆಚ್ಚಲಲ್ಲಿ ಹನಿ ಹಾಲಿರಲಿಲ್ಲ. ಕಟ್ಟಿಗೆಯಿಂದ ಜೀವ ಉಳಿಯುತ್ತದೆ, ಹಾಲಿಗೆ ಹಸಿರೇ ಬೇಕು ಅಂದರು ಇಂದುಮತಿ. ಬೇರೆ ಹಾಲು ಎಲ್ಲಿಂದಲೂ ಸಿಗದೆ ಆ ಎರಡೂ ಕರುಗಳು ಸತ್ತವು. ಬಾಳವ್ವ ದಿನಕ್ಕೆ ಹತ್ತು ಸಲ ಕಪಿಲಿಯ ಕೆಚ್ಚಲು ಮುಟ್ಟಿ ನೋಡುತ್ತಿದ್ದಳು.

ನಾಲ್ಕು ದಿನ ಊರೂರು ಅಲೆದ ಇಂದುಮತಿ ಐದನೆಯ ದಿನ ಏದುಸಿರು ಬಿಡುತ್ತ ಬಂದರು. ಹಸಿರು ದೀಪ ಹತ್ತಿದ ಒಂದು ಆಕಳು ಸಿಕ್ಕಿತ್ತು. ಅದೂ ಇದೇ ಸಜ್ಜಿಹಾಳದಲ್ಲಿ. ಹಳ್ಳದಾಚೆಯ ಕೇರಿಯ ದುರ್ಗವ್ವನದು. ಆ ಕೇರಿಯಲ್ಲಿ ದನ ಇದ್ದದ್ದು ಅವಳೊಬ್ಬಳಿಗೆ, ಮೊದಲ ದಿನ ಅದನ್ನು ಇಂದುಮತಿಗೆ ಯಾರೂ ಹೇಳಿರಲಿಲ್ಲ. ಊರಿನವರು ಕೇರಿಯ ನೀರು ಕುಡಿಯುತ್ತಿರಲಿಲ್ಲ, ಕೇರಿಯವರನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಇಂದುಮತಿ ಅಲ್ಲಿಂದ ಬಾಳವ್ವನ ಮನೆಯವರೆಗೆ ಹೆಜ್ಜೆ ಎಣಿಸಿದ್ದರು.

"ಬರೇ ಅರವತ್ತು ಹೆಜ್ಜಿ, ಬಾಳವ್ವಾರ. ಮೂರು ಜಿಲ್ಲಾ ದಾಟಿದ್ದು ಈ ಅರವತ್ತು ಹೆಜ್ಜಿ ಯಾಕ ದಾಟಲಿಲ್ಲ?"

ಬಾಳವ್ವನಿಗೆ ಕಾರಣ ಗೊತ್ತಿತ್ತು. ವೈಶಾಖದ ಒಂದು ಬೆಳಿಗ್ಗೆ ದುರ್ಗವ್ವ ಎಲೆ ಹಿಡಿದು ಅಂಗಳದ ತುದಿಯಲ್ಲಿ ನಿಂತಿದ್ದಳು. ಅವಳ ಆಕಳು ಬಡಕಲಾಗಿತ್ತು. ಕೊಟ್ಟರೆ ಊರವರು ಏನಂದಾರು ಎಂದು ಅಳುಕಿದ ಬಾಳವ್ವ, ನಮ್ಮ ಆಕಳು ಇವತ್ತು ಮೆಲುಕೇ ಹಾಕಿಲ್ಲ ಅಂದುಬಿಟ್ಟಿದ್ದಳು. ಅವಳ ಬೆನ್ನ ಹಿಂದೆ ಕಪಿಲಿ ಮೆಲುಕು ಹಾಕುತ್ತಲೇ ಇತ್ತು. ದುರ್ಗವ್ವ ಅದನ್ನು ನೋಡಿದ್ದಳು. ಬಂದ ದಾರಿಯಲ್ಲೇ ತಿರುಗಿ ಹೋಗಿದ್ದಳು. ಬೇಸಿಗೆಯೆಲ್ಲ ಗುಡ್ಡ ಅಲೆದು ಸೊಪ್ಪು ಹೊತ್ತು ತಂದು ತನ್ನ ಆಕಳನ್ನು ಉಳಿಸಿಕೊಂಡಿದ್ದಳು.

ತಮ್ಮ ಕೈಯಲ್ಲಿ ಸರ್ಕಾರಿ ಆದೇಶವಿದೆ, ತಾವೇ ಹೋಗಿ ಮೆಲುಕು ತರುವುದಾಗಿ ಹೇಳಿದರು ಇಂದುಮತಿ. ಬಾಳವ್ವ ಬೇಡವೆಂದಳು. ಯಮನಪ್ಪ ಒಂದು ಚೀಲ ಜೋಳ ಹೊರಲು ಸಿದ್ಧನಾದ. ಅದನ್ನೂ ಬೇಡವೆಂದು ಒಬ್ಬಳೇ ಹಳ್ಳ ದಾಟಿದಳು. ದುರ್ಗವ್ವ ಎಲ್ಲಿ ಇಲ್ಲ ಅಂದುಬಿಡುತ್ತಾಳೋ ಎಂಬ ಅಳುಕು ದಾರಿಯುದ್ದಕ್ಕೂ ಇತ್ತು. ಅವಳು ಇಲ್ಲ ಅಂದರೆ ತಪ್ಪೆನ್ನುವ ಹಾಗೂ ಇರಲಿಲ್ಲ.

ದುರ್ಗವ್ವ ಆಕಳಿನ ಮೈ ತಿಕ್ಕುತ್ತಿದ್ದಳು. ಬಾಳವ್ವ ಅಂಗಳದ ತುದಿಯಲ್ಲೇ ನಿಂತು ತಡವರಿಸಿದಳು. ಮಾತು ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ, "ಅವತ್ತ ನಾ ಕೊಡದಿದ್ದದ್ದು ಒಂದ ರೀತಿ ಛಲೋನ ಆತು ನೋಡು, ನಿನ್ನ ಆಕಳರ ಉಳೀತು" ಅಂದುಬಿಟ್ಟಳು.

ದುರ್ಗವ್ವನ ಕೈ ನಿಂತಿತು.

"ಹಂಗ ಮಾತ್ರ ಅನಬ್ಯಾಡ್ರಿ. ನನ್ನ ಆಕಳ ಉಳಸಾಕ ನೀವು ಇಲ್ಲ ಅಂದವರಲ್ಲ."

ದುರ್ಗವ್ವ ತನ್ನ ಆಕಳ ಕಡೆ ತಿರುಗಿ, ಮೆಲುಕು ಕೊಡುತ್ತೇನೆ ಅಂದಳು. "ಆದರ ಎಲಿಯಾಗ ಕಟ್ಟಿ ಕೊಡಂಗಿಲ್ಲ. ನಾನ ಬರ್ತೀನಿ. ನಿಮ್ಮ ತಲಬಾಗಲದಾಗಿಂದ ಒಳಗ ಬಂದು, ನನ್ನ ಕೈಲೆ ನಿಮ್ಮ ಆಕಳ ಬಾಯಾಗ ಇಡ್ತೀನಿ."

ಆ ಸೀಮೆಯ ಮನೆಗಳಲ್ಲಿ ದನ ಕಟ್ಟುವುದು ಮನೆಯೊಳಗೇ. ಹೊಸ್ತಿಲು ದಾಟಿದರೆ ಒಂದು ಮಗ್ಗುಲಿಗೆ ಗ್ವಾದಲಿ, ಇನ್ನೊಂದು ಮಗ್ಗುಲಿಗೆ ಪಡಸಾಲೆ, ಅಡುಗೆಮನೆ. ಹಳ್ಳದ ಊರ ಕಡೆಯ ದಡದಲ್ಲಿ ಜನ ಸಾಲಾಗಿ ನಿಂತು ನೋಡುತ್ತಿದ್ದರು. ಬಾ ಅನ್ನುವುದು ಎಷ್ಟು ಹೊತ್ತಿನ ಕೆಲಸ? ಬಾಳವ್ವ ತಿರುಗಿ ಆ ಜನರನ್ನು ನೋಡಿದಳು. ದುರ್ಗವ್ವ ಕಾದಳು.

"ಬಾ" ಎಂದು ಕೊನೆಗೆ ಬಾಳವ್ವ ಅಂದಳು.

ದುರ್ಗವ್ವ ತನ್ನ ಆಕಳ ಬಾಯಿಗೆ ಕೈ ಹಾಕಿ ಮೆಲುಕು ತೆಗೆದು ಮುಂದೆ ನಡೆದಳು. ಬಾಳವ್ವ ಹಿಂದೆ ನಡೆದಳು. ಕದವಿಲ್ಲದ ಬಾಗಿಲು ದಾಟಿ, ಕಪಿಲಿಯ ದವಡೆ ಬಿಡಿಸಿ, ಇಬ್ಬರೂ ಸೇರಿ ತಿನ್ನಿಸಿದರು. ಕಾಷ್ಠ ಸೊರಗಲೆಂದು ಇಂದುಮತಿ ಕಟ್ಟಿಗೆ ಹಾಕುವುದನ್ನು ನಿಲ್ಲಿಸಿ ಹಿಡಿಹಿಡಿಯಾಗಿ ಹಸಿರು ಹಾಕಿಸಿದರು. ಮೂರು ದಿನ ಏನೂ ಆಗಲಿಲ್ಲ. ಬಾಳವ್ವ ಉಣ್ಣಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಕಪಿಲಿಯ ದವಡೆ ಒಂದು ಸಲ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಕರುವಿಗೆ ಸಾಕಾಗುವಷ್ಟು ಹಾಲು ಇಳಿಯಿತು. ದೀಪಾವಳಿಯ ಹೊತ್ತಿಗೆ ಮೂರು ಜಿಲ್ಲೆಗಳಲ್ಲಿ ಬದುಕುಳಿದ ದನಗಳೆಲ್ಲ ದುರ್ಗವ್ವನ ಆಕಳಿನ ಮೆಲುಕನ್ನೇ ಹಾಕುತ್ತಿದ್ದವು. ಅವಳ ಮನೆಯ ನೀರು ಕುಡಿದವರನ್ನು ಮಾತ್ರ ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು.

ಆ ಒಂದು ಆಕಳು ಉಳಿಯಲು ಕಾರಣವೇನು ಎಂಬ ಪ್ರಶ್ನೆಗೆ ಇಂದುಮತಿ ತಮ್ಮ ವರದಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರು. ಕಾರಣ ವೈಜ್ಞಾನಿಕವಾಗಿಲ್ಲ, ತಿದ್ದಿ ಕಳಿಸಿ ಎಂದು ಮೇಲಿನವರು ಅದನ್ನು ಹಿಂದಕ್ಕೆ ಕಳಿಸಿದರು. ಇಂದುಮತಿ ಒಂದಕ್ಷರ ತಿದ್ದದೆ ಅದನ್ನೇ ಮತ್ತೆ ಕಳಿಸಿ, ವಿಷಯ ತಿಳಿಸಲು ಸಜ್ಜಿಹಾಳಕ್ಕೆ ಬಂದರು. ಬಾಳವ್ವ ಸೊರಗಿದ್ದಳು. ಕಾಷ್ಠ ಮತ್ತೆ ಬಂದೀತೆಂಬ ಹೆದರಿಕೆಯೇ ಎಂದು ಕೇಳಿದರು.

ಬಾಳವ್ವ ಇಲ್ಲವೆಂದು ತಲೆಯಾಡಿಸಿದಳು.

"ಅದಕ್ಕಲ್ಲ ಬಾಯಾರ. ಗಬ್ಬದ ಆಕಳ ಸಾಯಾಕತ್ತಿತ್ತು. ದುರ್ಗವ್ವ ಕೊಡ್ತೀನಿ ಅಂತ ಎದರಿಗೆ ನಿಂತಿದ್ಲು. ಆದರೂ ನನ್ನ ಬಾಯಾಗ 'ಬಾ' ಅನ್ನೂದು ಬರವಲ್ದಾಗಿತ್ತು ನೋಡ್ರಿ. ನನಗ ನನ್ನ ಕಂಡರ ಹೆದರಿಕಿ ಹತ್ತೇತಿ."