ಗೇಣು ದೂರದ ಏಟು

ಶಿವರಂಜಿನಿ 'ಸರ್' ಎಂದ ಕೂಡಲೇ ರೇವಂತನಿಗೆ ತನ್ನ ಕಥೆ ಮುಗಿಯಿತು ಅನ್ನಿಸಿತು.

ಎರಡು ವರ್ಷದಿಂದ ಅವಳು ಅವನನ್ನು 'ನೀನು' ಎನ್ನುತ್ತಿದ್ದಳು. ಈಗ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನಲ್ಲಿ, ಭೀಮನಬೀಡಿನ ಬಸ್ಸಿಗೆ ಕಾಯುತ್ತ, ಕರಾಟೆ ಬಟ್ಟೆಯ ಬ್ಯಾಗನ್ನು ಎದೆಗವುಚಿಕೊಂಡು, ಅವನ ಭುಜದಾಚೆ ಎಲ್ಲೋ ನೋಡುತ್ತ ಕೇಳಿದಳು. "ಏನ್ ಬೇಕಿತ್ತು ಸರ್ ನಿಮ್ಗೆ?"

"ರಂಜು, ಐದು ದಿನ ಆಯ್ತು. ಒಂದ್ ಸಲನಾದ್ರೂ ಫೋನ್ ಎತ್ತಬಾರ್ದಾ?"

"ಪರೀಕ್ಷೆ ಲಿಸ್ಟಿಂದ ನನ್ ಹೆಸ್ರು ತೆಗ್ಸಿದ್ದಾಯ್ತಲ್ಲ. ಇನ್ನೇನಿದೆ ಮಾತಾಡಕ್ಕೆ?"

ಇಬ್ಬರೂ ಚಾಮರಾಜನಗರದ ಶಾಂತರಾಜು ಮಾಸ್ಟರ ಬಳಿ ಕಲಿತವರು. ಮಾಸ್ಟರು ರೇವಂತನ ಸೋದರಮಾವ. ಅಪ್ಪ ತೀರಿಕೊಂಡ ಮೇಲೆ ಅವನನ್ನು ಸಾಕಿದವರು. ಅವರಿಗೆ ಅವನು ಒಂದು ದಿನವೂ ಎದುರು ಮಾತಾಡಿದವನಲ್ಲ. ಭಾನುವಾರ ಬ್ಲ್ಯಾಕ್ ಬೆಲ್ಟಿನ ಎರಡನೇ ದರ್ಜೆಯ ಪರೀಕ್ಷೆ. ಅದು ಪಾಸಾದರೆ ಶಿವರಂಜಿನಿ ಸ್ವಂತ ಕರಾಟೆ ಶಾಲೆ ತೆರೆಯಬಹುದಿತ್ತು. ಏಳು ವರ್ಷದಿಂದ ಅವಳು ಕಾಯುತ್ತಿದ್ದದ್ದು ಅದಕ್ಕೇ.

ಕೆಡಿಸಿದ್ದು ಒಂದು ವಿಡಿಯೋ. ಭೀಮನಬೀಡಿನ ಸಮುದಾಯ ಭವನದಲ್ಲಿ ಅವಳು ಸಂಜೆ ಹುಡುಗಿಯರಿಗೆ ಕರಾಟೆ ಹೇಳಿಕೊಡುತ್ತಿದ್ದಳು. ಅವರಲ್ಲೊಬ್ಬಳು, ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ನೀಲಾವತಿ, ಒಂದು ದಿನ ಅಳುತ್ತ ಬಂದಳು. ತುಂಬಿದ ಬಸ್ಸಿನಲ್ಲಿ ಒಬ್ಬ ಅವಳನ್ನು ಸೀಟಿಗೆ ಒತ್ತಿ ಹಿಡಿದಿದ್ದ. "ನೀವ್ ಹೇಳ್ಕೊಟ್ಟದ್ದು ಒಂದೂ ಬರ್ನಿಲ್ಲ ಕಣಕ್ಕ. ಕೈ ಎತ್ತಕ್ಕೇ ಜಾಗ ಇರ್ನಿಲ್ಲ" ಎಂದಳು.

ಆವತ್ತಿನಿಂದ ಶಿವರಂಜಿನಿ ಬೇರೆ ಏಟುಗಳನ್ನು ಕಲಿಸತೊಡಗಿದಳು. ಹಣೆಯಿಂದ ಮೂಗಿಗೆ, ಹೆಬ್ಬೆರಳಿನಿಂದ ಗಂಟಲ ಕುಳಿಗೆ, ಹಿಮ್ಮಡಿಯಿಂದ ಪಾದಕ್ಕೆ. ರೇವಂತನೇ ಅದನ್ನು ಮೊಬೈಲಿನಲ್ಲಿ ಹಿಡಿದು, ಹೆಮ್ಮೆಯಿಂದ ಮಾವನಿಗೆ ತೋರಿಸಿದ್ದ. "ಇದು ಕರಾಟೆ ಅಲ್ಲ ಕಣ್ಲಾ, ಬೀದಿ ಜಗಳ" ಎಂದು ಮಾವ ಅವಳ ಹೆಸರು ಹೊಡೆದು ಹಾಕಿದ್ದರು.

"ನಾನ್ ಕಂಪ್ಲೇಂಟ್ ಮಾಡ್ನಿಲ್ಲ ರಂಜು. ಖುಷಿಗೆ ತೋರಿಸ್ದೆ."

"ಸರಿ. ಅವ್ರು ಬೀದಿ ಜಗಳ ಅಂದಾಗ ನೀವೇನಂದ್ರಿ?"

ರೇವಂತ ಏನೂ ಅಂದಿರಲಿಲ್ಲ.

ಬಸ್ಸು ಬಂತು. ಅವಳು ಹತ್ತಿದಳು, ಅವನೂ ಹತ್ತಿದ. ಕಾಲಿಡಲು ಜಾಗವಿರಲಿಲ್ಲ. ಸಂತೆ ಚೀಲಗಳು, ಕಾಲೇಜು ಹುಡುಗರು, ಹೂವಿನ ಮಂಕರಿಗಳು. ಜನ ಹಿಂದಿನಿಂದ ತಳ್ಳಿದ ರಭಸಕ್ಕೆ ಇಬ್ಬರೂ ಎದುರುಬದುರಾಗಿ ಸಿಕ್ಕಿಕೊಂಡರು. ನಡುವೆ ಒಂದು ಗೇಣು.

ಅವಳ ಮೇಲೆ ಬೀಳದಂತೆ ಅವನು ಎರಡೂ ಕೈಯಿಂದ ಮೇಲಿನ ಕಂಬಿ ಹಿಡಿದು, ಬೆನ್ನಿನಿಂದ ಜನರನ್ನು ತಡೆದು ನಿಂತ. ಅವಳ ರೆಪ್ಪೆಯ ತುದಿಗೆ ಧೂಳು ಅಂಟಿತ್ತು. ಒರೆಸಬೇಕೆನ್ನಿಸಿತು; ಕೈ ಬಿಡುವಂತಿರಲಿಲ್ಲ.

"ಯಾಕಷ್ಟು ಕಷ್ಟ ಪಡ್ತೀರಿ? ನೀಲಾವತಿಗೆ ಯಾರೂ ಇಷ್ಟು ಜಾಗ ಬುಟ್ಟಿರ್ನಿಲ್ಲ." ಅವಳು ಮೊದಲ ಬಾರಿ ಅವನ ಕಣ್ಣು ನೋಡಿದಳು. "ಎಲ್ಲಿ, ಈಗ ಒಂದ್ ಪಂಚ್ ಹೊಡೀರಿ ನೋಡನ. ಮಾಸ್ಟರ್ ಹೇಳ್ಕೊಟ್ಟಂಗೆ. ಸೊಂಟದಿಂದ."

ಸೊಂಟದವರೆಗೆ ಕೈ ಇಳಿಸಲೂ ಆಗುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಒಂದ್ ಕಾಗದ ಬರ್ಕೊಟ್ಬುಡು ರಂಜು" ಎಂದ ಅವನು, ಗೋಗರೆಯುವ ದನಿಯಲ್ಲಿ. "ಇನ್ಮೇಲೆ ಆ ಏಟು ಕಲಿಸಲ್ಲ ಅಂತ. ಮಾವ ಹೆಸ್ರು ಸೇರಿಸ್ತಾರೆ. ನಿಮ್ಮನೇಲಿ ನಮ್ ಮದ್ವೆ ಮಾತು ಎತ್ತೋಕೂ ಅವರೇ ಬರ್ಬೇಕಲ್ವಾ? ನೀನಿಲ್ದೆ ನಂಗೆ ಊಟ ಸೇರ್ತಿಲ್ಲ."

"ನಾನ್ ಕಲಿಸ್ತಿರೋದು ತಪ್ಪು ಅನ್ಸುತ್ತಾ ನಿಂಗೆ?"

'ನಿಂಗೆ' ಎಂದಿದ್ದಳು. ಅದಕ್ಕೇ ಅವನ ಕಣ್ಣು ತುಂಬಿತು. "ಇಲ್ಲ."

"ಅದನ್ನ ನನ್ ಕಿವೀಲಿ ಹೇಳಿ ಏನ್ ಬಂತು?"

ಊರು ಬಂತು. ಅವಳು ತಿರುಗಿ ನೋಡದೆ ಇಳಿದಳು.

ಮರುದಿನ ಬೆಳಿಗ್ಗೆ ಮಾವ ಅಭ್ಯಾಸದ ಹಾಲ್‌ನಲ್ಲಿ ಒಬ್ಬರೇ ಚಾಪೆ ಮಡಿಸುತ್ತಿದ್ದರು. ರೇವಂತ ಎದುರು ಹೋಗಿ ನಿಂತ.

"ಮಾವ, ನಮ್ ಕಟಾ ವರಸೆಗಳಲ್ಲೇ ಮೊಣಕೈ ಏಟು ಇಲ್ವಾ? ಎದುರಾಳಿ ತಲೆ ಹಿಡಿದು ಹತ್ರ ಎಳ್ಕೊಂಡು ಹೊಡಿಯೋದು ನೀವೇ ಹೇಳ್ಕೊಟ್ರಿ. ಹಣೆಲಿ ಹೊಡದ್ರೆ ಮಾತ್ರ ಹೆಂಗೆ ಕರಾಟೆ ಅಲ್ಲ?"

ಮಾವ ಕೈಲಿದ್ದ ಚಾಪೆಯನ್ನು ಕೆಳಗಿಟ್ಟರು. "ಚಂದ್ರಕುಮಾರ್ ಅಂತ ಇದ್ದ" ಎಂದರು. "ನನ್ ಮೊದಲ್ನೇ ಶಿಷ್ಯ. ಈ ಏಟೆಲ್ಲ ನಾನೇ ಹೇಳ್ಕೊಟ್ಟಿದ್ದೆ ಅವ್ನಿಗೆ. ಯಾವ್ದೋ ಜಗಳದಲ್ಲಿ ಒಬ್ಬನ ಕಣ್ಣಿಗೆ ಬೆರಳು ಹಾಕ್ಬುಟ್ಟ. ಆ ಕಣ್ಣು ಹೋಯ್ತು. ದೂರದಿಂದ ಹೊಡಿಯೋನು ಕೈ ತಡ್ಕೋಬೋದು ಕಣ್ಲಾ. ಹತ್ರ ಬಂದ್ಮೇಲೆ ತಡ್ಕೊಳಕ್ಕಾಗಲ್ಲ."

ಇದು ರೇವಂತನಿಗೆ ಗೊತ್ತಿರಲಿಲ್ಲ. ಆದರೂ ಅವನು ಹೇಳಿದ: "ಚಂದ್ರಕುಮಾರ್ ತಡ್ಕೋಬೇಕಿತ್ತು ಮಾವ. ಬಸ್ಸಲ್ಲಿ ಸಿಕ್ಕಾಕೊಂಡ ನೀಲಾವತಿಗೆ ತಪ್ಪಿಸ್ಕೊಳೋದು ಬೇಕಿತ್ತು."

"ಹೆಸ್ರು ನಾ ಬರಿಯಲ್ಲ. ಅವಳ ಪರ ನಿಂತ್ರೆ ಭಾನುವಾರ ಪರೀಕ್ಷೇಲಿ ನೀನೂ ನನ್ ಪಕ್ಕ ಕೂರಂಗಿಲ್ಲ."

"ಕೂರಲ್ಲ ಬುಡಿ ಮಾವ."

ಅವನು ಬಾಗಿಲು ದಾಟುವಾಗ ಮಾವ ಮಡಿಸಿದ್ದ ಚಾಪೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದರು.

ಭಾನುವಾರ, ಅಲ್ಲಿ ಪರೀಕ್ಷೆ ಶುರುವಾಗುವ ಹೊತ್ತಿಗೆ, ರೇವಂತ ಭೀಮನಬೀಡಿನ ಸಮುದಾಯ ಭವನದ ಮೆಟ್ಟಿಲ ಮೇಲೆ ಅವಳಿಗೆ ಎಲ್ಲವನ್ನೂ ಹೇಳಿದ. ಕಣ್ಣು ಕಳೆದುಕೊಂಡವನ ವಿಷಯವನ್ನೂ ಮುಚ್ಚಿಡಲಿಲ್ಲ.

ಅವಳು ಕೇಳಿಸಿಕೊಂಡಳು. "ಇನ್ಮುಂದೆ ಅದನ್ನೂ ಹುಡ್ಗೀರಿಗೆ ಹೇಳ್ತೀನಿ" ಎಂದಳು. ಆಮೇಲೆ, "ಮಾವನ್ನ ಬುಟ್ಟು ಬಂದ್ಯಾ?"

"ಬುಟ್ಟಿಲ್ಲ. ಅಲ್ಲೇ ಉಣ್ತೀನಿ. ಅವ್ರು ಮಾತಾಡ್ತಿಲ್ಲ, ಅಷ್ಟೆ."

ಇಷ್ಟು ದಿನ ಗಟ್ಟಿಯಾಗಿದ್ದವಳು ಆಗ ಅತ್ತಳು. "ಆ ದರ್ಜೆ ನಂಗೆ ಬೇಕಿತ್ತು ಕಣೋ. ತುಂಬ ಬೇಕಿತ್ತು."

"ಗೊತ್ತು. ಕೊಡ್ಸಕ್ಕಾಗ್ನಿಲ್ಲ." ಅವನು ಅವಳ ಕೈ ಹಿಡಿದ. ಗೆಣ್ಣುಗಳ ಮೇಲಿನ ಒರಟು ಚರ್ಮವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದ. ಅವಳು ಕೈ ಎಳೆದುಕೊಳ್ಳಲಿಲ್ಲ. "ನಿಮ್ಮವ್ವನ್ನ ಕೇಳೋಕೆ ಈಗ ಯಾರನ್ನ ಕರ್ಕೊಂಡು ಬರ್ಲಿ?"

ಕಣ್ಣೊರೆಸಿಕೊಂಡು ಅವನನ್ನು ಓರೆಗಣ್ಣಿನಿಂದ ನೋಡಿದಳು. ಅಷ್ಟು ದಿನದ ಮೇಲೆ ತುಟಿಯಂಚಿನಲ್ಲಿ ಚೂರು ನಗು. "ಒಬ್ನೇ ಬಾ. ಬಾಯಿದೆಯಲ್ಲ ನಿಂಗೆ."

ಅವಳ ತಾಯಿ ಸುಂದ್ರಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ರೇವಂತ ಚಪ್ಪಲಿ ಬಿಟ್ಟು ಅವರೆದುರು ನೆಲದ ಮೇಲೆ ಕುಳಿತ. ಶಿವರಂಜಿನಿ ಬಾಗಿಲ ಕಂಬಕ್ಕೆ ಒರಗಿ ನಿಂತಿದ್ದಳು.

"ಅಮ್ಮಾ, ಒಂದ್ ಮಾತು ಕೇಳ್ಬೇಕಿತ್ತು" ಎಂದ. ಮಾವನ ಹೆಸರು ಎತ್ತದೆ, ಮದುವೆಯ ಮಾತನ್ನು ತಾನೇ ಪೂರ್ತಿ ಹೇಳಿದ.